ಮೌತ್ ಆರ್ಗನ್ ಕಲಿಯುವವರೇ, ಎಂಟನೆಯ ತೂತಿನ ಹತ್ತಿರ ಎಚ್ಚರ

ಮೌತ್ ಆರ್ಗನ್ನಿನಲ್ಲಿ ಮೇಲಿನ ಸ್ವರಗಳನ್ನು ಬಾಗಿಸಲು, ಅಂದರೆ ಇದ್ದ ಸ್ವರವನ್ನು ಬಾಯಿಯಿಂದಲೇ ತುಸು ಇಳಿಸಿ ನುಡಿಸಲು, ಕಲಿಯಬೇಕೆಂದು ಹೊರಟವರು ಯಾರಾದರೂ ಇದ್ದರೆ, ಯಾರಿಗೂ ಹಣ ಕಟ್ಟುವ ಮೊದಲು ಇದನ್ನೊಮ್ಮೆ ಓದಿ. ನನಗೆ ಬಿದ್ದ ಖರ್ಚು 9,800 ರೂಪಾಯಿ. ಕಲಬುರಗಿಯ ಬೇಳೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು ನಾನು, ಹಾಗಾಗಿ ಮೊತ್ತದಲ್ಲಿ ತಪ್ಪಿಲ್ಲ.

ಮೊದಲ 700 ರೂಪಾಯಿ ಹೋದದ್ದು ನನ್ನದೇ ಅವಸರಕ್ಕೆ. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದರಲ್ಲಿ ಎರಡು ಸಾಲು ತೂತುಗಳ, ಉದ್ದನೆಯ ಮೌತ್ ಆರ್ಗನ್ ಕೊಂಡೆ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಅದೇ; ಟ್ರೆಮೊಲೊ ಎನ್ನುತ್ತಾರೆ. ಒಂದೇ ಸ್ವರಕ್ಕೆ ಎರಡು ರೀಡುಗಳು (ಗಾಳಿಗೆ ಅದುರಿ ನುಡಿಯುವ ಲೋಹದ ತೆಳು ಪಟ್ಟಿಗಳು), ಅವುಗಳ ನಡುವೆ ಶ್ರುತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ, ಅದರಿಂದಲೇ ಆ ನಡುಗುವ ನಾದ. ಹಾಡು ನುಡಿಸಲು ಚಂದ. ಆದರೆ ಸ್ವರ ಬಾಗಿಸುವುದಕ್ಕೆ ಹೇಳಿಕೊಡುವ ಉಪಾಯಗಳು ಅದಕ್ಕೆ ಹತ್ತುವುದಿಲ್ಲ. ಅವೆಲ್ಲ ಡಯಾಟಾನಿಕ್ ಎನ್ನುವ, ಹತ್ತು ತೂತುಗಳ ಚಿಕ್ಕ ಮೌತ್ ಆರ್ಗನ್ನಿಗೆ. ಇದು ತಿಳಿಯಲು ನನಗೆ ಹದಿನೈದು ದಿನ ಬೇಕಾಯಿತು.

ಆಮೇಲೆ 2,800 ರೂಪಾಯಿಗೆ ಹತ್ತು ತೂತಿನ ಸಿ ಶ್ರುತಿಯದನ್ನು ತರಿಸಿದೆ. ಹಾರ್ಮೋನಿಯಂನವರ ಭಾಷೆಯಲ್ಲಿ ಬಿಳಿ ಒಂದು. ನನ್ನ ಆಸೆ ದೊಡ್ಡದೇನೂ ಆಗಿರಲಿಲ್ಲ. ನಮ್ಮ ಓಣಿಯ ಸೋಮವಾರದ ಭಜನೆಯಲ್ಲಿ ಒಂದು ವಚನವನ್ನು ಭೀಮಪಲಾಸ್ ರಾಗದಲ್ಲಿ ಹಾಡುತ್ತಾರೆ, ಅದನ್ನು ನುಡಿಸಬೇಕಿತ್ತು. ಅದಕ್ಕೆ ಕೋಮಲ, ಅಂದರೆ ಅರ್ಧ ಸ್ವರ ತಗ್ಗಿದ, ಗಾಂಧಾರ ಬೇಕು, ಕೋಮಲ ನಿಷಾದ ಬೇಕು. ಈ ವಾದ್ಯದಲ್ಲಿರುವುದು ಶುದ್ಧ ಸ್ವರಗಳು ಮಾತ್ರ. ಮಧ್ಯ ಸಪ್ತಕದಲ್ಲಿ ಹುಡುಕಿದರೆ ಕೋಮಲ ಗಾಂಧಾರ ಸುಲಭಕ್ಕೆ ಸಿಗುವುದೇ ಇಲ್ಲ. ತಾರದಲ್ಲಿ, ಎಂಟನೆಯ ತೂತಿನಲ್ಲಿ, ಬಾಗಿಸಿದರೆ ಸಿಗುತ್ತದೆ. ನಾನು ಮೇಲಕ್ಕೆ ಹತ್ತಿದ್ದು ಹೀಗೆ.

ಗುರು ಸಿಕ್ಕಿದ್ದು ಮೊಬೈಲ್‌ನಲ್ಲಿ. ಎಂಟು ತರಗತಿಗೆ 3,500 ರೂಪಾಯಿ, ಮುಂಗಡ, ವಾಪಸಿಲ್ಲ. ಮನುಷ್ಯನ ಮಾತು ಜೇನು. ನಾಲ್ಕನೆಯ ತೂತಿನಲ್ಲಿ ಉಸಿರೆಳೆಯುತ್ತ ಸ್ವರ ಇಳಿಸುವುದನ್ನು ಹೇಳಿಕೊಟ್ಟ, ಮೂರು ವಾರದಲ್ಲಿ ಬಂತು ಕೂಡ. ಅದನ್ನು ಇಲ್ಲವೆನ್ನುವುದಿಲ್ಲ. ಆಮೇಲೆ ಮೇಲಿನ ಸ್ವರಗಳ ಸರದಿ ಬಂದಾಗ, "ಎಲ್ಲ ಒಂದೇ, ಇನ್ನೂ ಜೋರಾಗಿ ಎಳೆಯಿರಿ" ಎಂದ. ಒಂದು ತಿಂಗಳು ಎಳೆದೆ. ಎಂಟನೆಯ ತೂತು ಜಗ್ಗಲಿಲ್ಲ. "ಹಾಗಾದರೆ ಜೋರಾಗಿ ಊದಿರಿ, ನಿಮ್ಮ ಉಸಿರಿನಲ್ಲಿ ದಮ್ಮಿಲ್ಲ" ಎಂದ.

ಈ ಎರಡನೆಯ ಮಾತಿನಲ್ಲಿ ಅರ್ಧ ಸತ್ಯವಿತ್ತು, ಅದೇ ನನ್ನನ್ನು ಕೆಡಿಸಿತು. ಊದಬೇಕು ಎನ್ನುವುದು ನಿಜ. ಜೋರಾಗಿ ಎನ್ನುವುದು ಸುಳ್ಳು.

ಮೇ ತಿಂಗಳು. ನಮ್ಮೂರಿನ ಮೇ ಎಂದರೆ ಬಿಡಿಸಿ ಹೇಳಬೇಕಿಲ್ಲ, ಸಂಜೆ ಏಳಕ್ಕೂ ಮಾಳಿಗೆಯ ನೆಲ ಕಾಲು ಸುಡುತ್ತದೆ. ಚಾಪೆ ಹಾಸಿಕೊಂಡು ಕೂತು ಎಂಟನೆಯದನ್ನು ಊದುತ್ತಿದ್ದೆ. ಎರಡು ದಿನದಿಂದ ಅದರ ಗಾಂಧಾರ ತುಸು ಇಳಿದಂತೆ ಕೇಳುತ್ತಿತ್ತು. ಬಾಗಲು ಶುರುವಾಗಿದೆ ಎಂದು ನಾನು ಹಿಗ್ಗಿದ್ದೆ! ಅವತ್ತು ಕೆನ್ನೆ ಉಬ್ಬಿಸಿ, ಹೊಟ್ಟೆ ಬಿಗಿದು, ಬಿಡದೆ ಹತ್ತಿಪ್ಪತ್ತು ಸಲ ಊದಿದೆ. ಬೆರಳ ತುದಿ ಜುಮುಜುಮು ಎಂದವು, ತುಟಿಯ ಸುತ್ತ ಇರುವೆ ಹರಿದಂತಾಯಿತು, ಎದುರಿನ ನೀರಿನ ಟ್ಯಾಂಕ್ ಒಂದು ಸುತ್ತು ತಿರುಗಿತು. ನಾನು ಗೋಡೆ ಹಿಡಿಯುವಷ್ಟರಲ್ಲಿ ವಾದ್ಯದೊಳಗೆ ಟಿಕ್ ಎಂದು ಒಂದು ಸಣ್ಣ ಸದ್ದು. ಆಮೇಲೆ ಎಂಟನೆಯ ತೂತಿನಿಂದ ಬಂದದ್ದು ಬರಿಯ ಗಾಳಿ.

ತಲೆ ಸುತ್ತಿದ್ದು ಬಿಸಿಲಿಗಲ್ಲ. ಮೇಲಿಂದ ಮೇಲೆ ದೊಡ್ಡ ಉಸಿರು ಬಿಟ್ಟರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಹೀಗಾಗುತ್ತದೆ. ಮಾಳಿಗೆಯ ಅಂಚಿನಲ್ಲಿ ಕೂತು ಅಭ್ಯಾಸ ಮಾಡಬೇಡಿ. ಹೆಂಡತಿ ಇದನ್ನು ಬೇರೆ ಮಾತುಗಳಲ್ಲಿ ಹೇಳಿದಳು, ಅವನ್ನು ಇಲ್ಲಿ ಬರೆಯುವುದಿಲ್ಲ.

ಗುರುವಿಗೆ ತಿಳಿಸಿದೆ. ಸಮಾಧಾನವೇನೂ ಇಲ್ಲ, "ಅಗ್ಗದ ಮಾಲು" ಎಂದು ಒಂದು ಲಿಂಕ್ ಕಳಿಸಿದ. ಅದರಿಂದಲೇ ಕೊಳ್ಳಬೇಕಂತೆ. ಕೊಂಡೆ, ಮತ್ತೆ 2,800. ಐದು ವಾರಕ್ಕೆ ಅದರದೂ ಅದೇ ಗತಿ, ಅದೇ ತೂತು. ಆಗ ಅವನು, ರೀಡನ್ನು ಅರದಿಂದ ಉಜ್ಜಿ ತೆಳ್ಳಗೆ ಮಾಡಿ, ತಾನಾಗಿ ಬಾಗುತ್ತದೆ ಎಂದು ಸಂದೇಶ ಹಾಕಿದ. ಉಜ್ಜುವ ಮುಂಚೆ ಒಮ್ಮೆ ತಿಳಿದವರಿಗೆ ತೋರಿಸೋಣ ಎನಿಸಿದ್ದು ನನ್ನ ಪುಣ್ಯ.

ದರ್ಗಾದ ಕಡೆ ಹಾರ್ಮೋನಿಯಂ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಮೇಲಿನ ತಗಡು ಬಿಚ್ಚಿ, ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಹಿಡಿದು ನೋಡಿದರು. ಎಂಟನೆಯ ಹಿತ್ತಾಳೆಯ ರೀಡು ಉಗುರಿನ ಅಂಚಿನಷ್ಟು ಅಗಲ. ಅದನ್ನು ಬಿಗಿದಿದ್ದ ರಿವೆಟ್ಟಿನ ಪಕ್ಕದಲ್ಲೇ ಅಡ್ಡಕ್ಕೆ ಒಂದು ಗೀರು, ಕೂದಲಿನಂಥದು. ಎಕ್ಸ್‌ರೇ ಫಿಲ್ಮಿನ ಚೂರಿನಿಂದ ಮೆಲ್ಲನೆ ಮೀಟಿದರು. ರೀಡು ನುಡಿಯಲಿಲ್ಲ, ಸುಮ್ಮನೆ ಅಲ್ಲಾಡಿತು.

"ಕೆರೆಯಿರಿ ಚಾಚಾ, ಸರಿಹೋಗಬಹುದು" ಎಂದೆ.

"ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ ಸಾಹೇಬರೇ. ಇದು ಮುರಿದಿದೆ. ಮುರಿದದ್ದನ್ನು ಏನು ಕೆರೆಯುವುದು?" ಎಂದರು. ಸ್ವರ ತಾನಾಗಿ ಇಳಿಯತೊಡಗಿದರೆ ರೀಡು ಬಿರುಕು ಬಿಡುತ್ತಿದೆ ಎಂದೇ ತಿಳಿಯಬೇಕಂತೆ. ನಾನು ಹಿಗ್ಗಿದ ಆ ಎರಡು ದಿನ ನೆನಪಾದವು.

ಆಮೇಲೆ ಅವರು ಒಂದೇ ತೂತಿನ ಎರಡೂ ರೀಡುಗಳನ್ನು ತೋರಿಸಿದರು. ಊದಿದರೆ ಒಂದು, ಎಳೆದರೆ ಇನ್ನೊಂದು. ಎತ್ತರದ ಸ್ವರವನ್ನು ಅದೇ ತೂತಿನ ತಗ್ಗಿನ ಸ್ವರದ ಕಡೆಗೆ ಇಳಿಸಬಹುದು, ಅದರಾಚೆಗೆ ಇಲ್ಲ. ಒಂದರಿಂದ ಆರರವರೆಗೆ ಎಳೆಯುವ ಸ್ವರ ಎತ್ತರದ್ದು, ಹಾಗಾಗಿ ಎಳೆದು ಬಾಗಿಸಬೇಕು. ಏಳರಿಂದ ಲೆಕ್ಕ ತಿರುಗುಮುರುಗು. ಎಂಟರಲ್ಲಿ ಊದಿದರೆ ಗಾಂಧಾರ, ಎಳೆದರೆ ರಿಷಭ. ಊದಿ ಇಳಿಸಿದರೆ ನಡುವೆ ಕೋಮಲ ಗಾಂಧಾರ. ಒಂಬತ್ತರಲ್ಲಿ ಪಂಚಮ ಮತ್ತು ಮಧ್ಯಮದ ನಡುವೆ ತೀವ್ರ ಮಧ್ಯಮ. ಹತ್ತರಲ್ಲಿ ಷಡ್ಜದಿಂದ ಕೋಮಲ ನಿಷಾದದವರೆಗೆ ಇಳಿಯಬಹುದು. ಏಳರಲ್ಲಿ ಷಡ್ಜ ಮತ್ತು ನಿಷಾದದ ನಡುವೆ ಏನೂ ಇಲ್ಲದ ಕಾರಣ ಅಲ್ಲಿ ಹೆಣಗುವುದೇ ವ್ಯರ್ಥ. ಎಂಟನೆಯದನ್ನು ಎಳೆದು ಬಾಗಿಸಲು ನಾನು ಹಾಕಿದ ಒಂದು ತಿಂಗಳು ಎಲ್ಲಿಗೆ ಸಂದಿತು ಎಂದು ನೀವೇ ಲೆಕ್ಕ ಹಾಕಿ.

ಬಲದಿಂದಲ್ಲವಾದರೆ ಯಾವುದರಿಂದ? ನಾಲಿಗೆಯಿಂದ. ಸಿಳ್ಳೆ ಹಾಕುವಾಗ ಸ್ವರ ಏರಿಳಿಸಲು ನಾಲಿಗೆ ಬಾಯೊಳಗೆ ಹೇಗೆ ಸರಿಯುತ್ತದೋ ಹಾಗೆ. ಮೇಲಿನ ಸ್ವರಗಳಿಗೆ ಈ ಸರಿದಾಟ ನಾಲಿಗೆಯ ಮುಂಭಾಗದಲ್ಲಿ, ತೀರಾ ಚೂರೇ ಚೂರು. ಅಮೆರಿಕದ ಬ್ಲೂಸ್ ವಾದಕ ಜಿಮ್ಮಿ ರೀಡ್ (1925–1976) ಮೇಲಿನ ತೂತುಗಳನ್ನು ಊದಿ ಬಾಗಿಸುವುದಕ್ಕೇ ಹೆಸರಾದವನು. ಅವನ ವಾದ್ಯ ಕುತ್ತಿಗೆಗೆ ತಗುಲಿಸಿದ ಚೌಕಟ್ಟಿನಲ್ಲಿರುತ್ತಿತ್ತು, ಕೈಗಳು ಗಿಟಾರ್ ಮೇಲೆ, ನಡುವೆ ಹಾಡು ಬೇರೆ. ಕೆನ್ನೆ ಉಬ್ಬಿಸಿ ಕುಸ್ತಿ ಮಾಡುವವನಿಗೆ ಅದು ಸಾಧ್ಯವೇ? ಇನ್ನೊಂದು ಮಾತು: ಸಿ ಶ್ರುತಿಯಲ್ಲಿ ಮೇಲಿನ ರೀಡುಗಳು ಮೊಂಡು. ಕಲಿಯುವುದಾದರೆ ಅದಕ್ಕಿಂತ ತಗ್ಗಿನ ಜಿ ಅಥವಾ ಎ ಶ್ರುತಿಯದನ್ನು ಕೊಳ್ಳಿ.

ಹಣ ಕಟ್ಟಿಸಿಕೊಳ್ಳುವವರನ್ನು, ಅವರು ಯಾರೇ ಆಗಿರಲಿ, "ಎಂಟನೆಯ ತೂತನ್ನು ಊದಿ ಬಾಗಿಸಿ ತೋರಿಸಿ, ಈಗಲೇ, ನನ್ನೆದುರಿಗೆ" ಎಂದು ಕೇಳಿ. ನನ್ನ ಗುರು ಎಂಟೂ ತರಗತಿಗಳಲ್ಲಿ ಏಳನೆಯ ತೂತು ದಾಟಿ ನುಡಿಸಲೇ ಇಲ್ಲ. ಇದು ನನಗೆ ಹೊಳೆದದ್ದು ಚಾಚಾನ ಅಂಗಡಿಯಿಂದ ಮನೆಗೆ ಬರುವ ಆಟೋದಲ್ಲಿ.

ಹೊರಡುವಾಗ ಚಾಚಾ ಯಾವ ಹಾಡಿಗೆ ಇಷ್ಟು ಒದ್ದಾಟ ಎಂದು ಕೇಳಿದರು. ಭೀಮಪಲಾಸ್ ಎಂದೆ. ಅವರು ನಕ್ಕು, ಷಡ್ಜವನ್ನು ಜಾಗ ಬದಲಿಸಿ ಎಂದರು. ನಾಲ್ಕನೆಯ ತೂತನ್ನು ಎಳೆದಾಗ ಬರುವ ರಿಷಭವನ್ನೇ ಷಡ್ಜವೆಂದು ಹಿಡಿದರೆ ಕಾಫಿ ಥಾಟ್, ಅಂದರೆ ಭೀಮಪಲಾಸ್ ಸೇರಿರುವ ಸ್ವರಗಳ ಗುಂಪು, ತಾನಾಗಿ ಸಿಗುತ್ತದೆ, ಗಾಂಧಾರವೂ ನಿಷಾದವೂ ಕೋಮಲ, ಒಂದು ಸ್ವರವನ್ನೂ ಬಾಗಿಸಬೇಕಿಲ್ಲ. ಅದೇ ರಾತ್ರಿ ಎಂಟನೆಯ ರೀಡು ಸತ್ತ ಆ ವಾದ್ಯದಲ್ಲೇ ವಚನದ ಪಲ್ಲವಿ ನುಡಿಸಿದೆ. ಮೇಲಿನ ಷಡ್ಜ ಎಂಟರಲ್ಲಿ ಎಳೆದಾಗ ಬರುವುದು. ಆ ರೀಡು ಗಟ್ಟಿಯಾಗಿಯೇ ಇತ್ತು.