ಬ್ಯಾಟರಿ ಸತ್ತ ಲ್ಯಾಪ್‌ಟಾಪಿಗೆ ಬಯಾಸ್ ಅಪ್‌ಡೇಟ್ ಹಾಕುವವರೇ, ತುಸು ನಿಲ್ಲಿ

ರಾಯಚೂರಿನ ಹತ್ತಿ ದಲಾಲಿ ಅಂಗಡಿಯೊಂದರ ಲೆಕ್ಕದ ಲ್ಯಾಪ್‌ಟಾಪ್ ಇದು. ಸೆಕೆಂಡ್ ಹ್ಯಾಂಡ್, ಆರನೇ ಜನರೇಷನ್‌ನ ಇಂಟೆಲ್ ಐ5 ಪ್ರೊಸೆಸರ್. ಬ್ಯಾಟರಿ ಹತ್ತು ನಿಮಿಷವೂ ನಿಲ್ಲುತ್ತಿರಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಬಯಾಸ್ (ಪವರ್ ಒತ್ತಿದೊಡನೆ ವಿಂಡೋಸ್‌ಗಿಂತ ಮೊದಲು ಏಳುವ, ಬೋರ್ಡಿನ ಚಿಪ್‌ನಲ್ಲಿರುವ ತಂತ್ರಾಂಶ) ಅಪ್‌ಡೇಟ್ ಮಾಡಿದರೆ 11 ಕೂರುತ್ತದೆ ಎಂದು ಯಾರೋ ತಲೆಗೆ ತುಂಬಿದರು. ಚಾರ್ಜ್ ಸಾಲದು ಎಂದು ಅಪ್‌ಡೇಟ್ ಒಲ್ಲೆ ಅಂದಿತು. ಯೂಟ್ಯೂಬ್ ನೋಡಿ ಆ ತಪಾಸಣೆಯನ್ನೇ ದಾಟಿಸಿದರು. ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಶಕ್ತಿನಗರದ ವಿದ್ಯುತ್ ಸ್ಥಾವರ ಇರುವ ಜಿಲ್ಲೆಯಲ್ಲೇ! ಇನ್ವರ್ಟರ್ ಎತ್ತಿಕೊಳ್ಳುವಷ್ಟರಲ್ಲಿ ಲ್ಯಾಪ್‌ಟಾಪ್ ಆರಿತ್ತು.

ಆಮೇಲೆ ಪವರ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು, ಕ್ಯಾಪ್ಸ್ ಲಾಕ್ ದೀಪ ಮಿಣಮಿಣ. ‘ಮದರ್‌ಬೋರ್ಡ್ ಹೋಗ್ಯಾದ್ರಿ’ ಎಂದ ರಿಪೇರಿಯವರು ಹಳೆ ಬೋರ್ಡ್ ಎಕ್ಸ್‌ಚೇಂಜಿಗೆ ಇಟ್ಟುಕೊಂಡು ಬೇರೆಯದು ಹಾಕಿದರು. ಲ್ಯಾಪ್‌ಟಾಪ್ ಎದ್ದಿತು. ಎದ್ದ ಕೂಡಲೇ ನೀಲಿ ಪರದೆಯಲ್ಲಿ, ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆಯಾದ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀ ಕೇಳಿತು. ಲ್ಯಾಪ್‌ಟಾಪ್ ಮಾರಿದವನು ಸೆಟಪ್ ಮಾಡುವಾಗ ತನ್ನದೇ ಮೈಕ್ರೋಸಾಫ್ಟ್ ಐಡಿ ಹಾಕಿದ್ದ. ಕೀ ಕೂತಿದ್ದು ಅವನ ಖಾತೆಯಲ್ಲಿ, ಅವನ ಫೋನ್ ಸ್ವಿಚ್ಡ್ ಆಫ್. ಕೊನೆಗೆ ಫಾರ್ಮ್ಯಾಟ್. ಮೂರು ಹಂಗಾಮಿನ ಟ್ಯಾಲಿ ಲೆಕ್ಕ ಹೋಯಿತು.

ಬೇಸರವೆಂದರೆ, ಆ ಅಪ್‌ಡೇಟೇ ಬೇಕಿರಲಿಲ್ಲ. ವಿಂಡೋಸ್ 11 ಕೇಳುವುದು ಟಿಪಿಎಂ 2.0 (ಬೀಗದ ಕೀಗಳನ್ನು ಕಾಪಾಡುವ, ಬೋರ್ಡಿನಲ್ಲೇ ಇರುವ ಭದ್ರತಾ ಘಟಕ) ಮತ್ತು ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಷನ್. ಬಯಾಸ್ ಎಷ್ಟು ಹೊಸದಾದರೂ ಆರನೆಯದು ಎಂಟನೆಯದಾಗುವುದಿಲ್ಲ.

ಹಾಕಲೇಬೇಕು ಎನ್ನುವವರು ಮೊದಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಸ್ಲ್ಯಾಶ್, ಬ್ಯಾಟರಿರಿಪೋರ್ಟ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಬರುವ ವರದಿಯಲ್ಲಿ ಡಿಸೈನ್ ಕೆಪ್ಯಾಸಿಟಿ (ಹೊಸದಿದ್ದಾಗಿನ ಸಾಮರ್ಥ್ಯ) 41,000, ಫುಲ್ ಚಾರ್ಜ್ ಕೆಪ್ಯಾಸಿಟಿ (ಈಗ ಉಳಿದಿರುವುದು) 6,000 ಎಂಬಂತಿದ್ದರೆ ಮುಂಚೆ ಬ್ಯಾಟರಿ ಬದಲಿಸಿ. ಟಚ್‌ಪ್ಯಾಡ್ ಉಬ್ಬಿ ಕ್ಲಿಕ್ ಬಿಗಿಯಾಗಿದ್ದರೆ ಬ್ಯಾಟರಿ ಊದಿರಬಹುದು. ಒತ್ತಿ ಕೂರಿಸಲು, ಚುಚ್ಚಲು ಹೋಗಬೇಡಿ. ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನೇ ಇಡಿ, ಇಕೋ ಮೋಡ್ ತಡವಾಗಿ ಎತ್ತಿಕೊಳ್ಳುತ್ತದೆ. ರಿಕವರಿ ಕೀ ಯಾರ ಖಾತೆಯಲ್ಲಿದೆ ನೋಡಿ ಕಾಗದದ ಮೇಲೆ ಬರೆದುಕೊಳ್ಳಿ, ನಂತರ ಬಿಟ್‌ಲಾಕರ್ ಸಸ್ಪೆಂಡ್ ಮಾಡಿ, ಅಂದರೆ ತಾತ್ಕಾಲಿಕವಾಗಿ ನಿಲ್ಲಿಸಿ. ಹೋಮ್ ಆವೃತ್ತಿಯಲ್ಲಿ ಸೆಟ್ಟಿಂಗ್ಸ್‌ನ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ, ಡಿಕ್ರಿಪ್ಷನ್ ಪೂರ್ತಿ ಮುಗಿಯುವವರೆಗೆ ಕಾಯಿರಿ. ಟ್ಯಾಲಿ ಡೇಟಾ ಪೆನ್‌ಡ್ರೈವಿಗೆ ಹೋಗಿರಲಿ.

ಅಪ್‌ಡೇಟ್ ನಡುವೆ ಸತ್ತ ಲ್ಯಾಪ್‌ಟಾಪ್ ಎಂದರೆ ಬೋರ್ಡ್ ಸುಟ್ಟಿದೆ ಎಂದಲ್ಲ. ಬಹಳ ಸಲ ಬಯಾಸ್ ಇರುವ, ಎಂಟು ಕಾಲಿನ ಒಂದು ಚಿಪ್‌ನಲ್ಲಿ ಬರಹ ಅರ್ಧಕ್ಕೆ ನಿಂತಿರುತ್ತದೆ, ಅಷ್ಟೇ. ಎಚ್‌ಪಿಯ ಹಲವು ಮಾಡೆಲ್‌ಗಳಲ್ಲಿ ವಿಂಡೋಸ್ ಕೀ ಮತ್ತು ಬಿ ಹಿಡಿದು ಪವರ್ ಒತ್ತಿದರೆ, ಡೆಲ್‌ನ ಹಲವದರಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಹಿಡಿದು ಚಾರ್ಜರ್ ಚುಚ್ಚಿದರೆ ಬಯಾಸ್ ರಿಕವರಿ ತೆರೆಯುತ್ತದೆ. ಅದೂ ಆಗದಿದ್ದರೆ ಚಿಪ್ ಪ್ರೋಗ್ರಾಮರ್ (ಚಿಪ್ ಓದಿ ಬರೆಯುವ ಸಾಧನ) ಇರುವವರನ್ನು ಹುಡುಕಿ, ಮೂರು ಮಾತು ಕೇಳಿ. ಒಂದು, ಬರೆಯುವ ಮುಂಚೆ ಹಳೆಯದನ್ನು ಎರಡು ಸಲ ಓದಿ, ಎರಡೂ ಒಂದೇ ಇದೆಯಾ ನೋಡಿ ಉಳಿಸಿಕೊಳ್ಳುತ್ತೀರಾ? ಸೀರಿಯಲ್ ನಂಬರ್, ವಿಂಡೋಸ್‌ನ ಲೈಸೆನ್ಸ್ ಕೀ ಅದರಲ್ಲೇ ಇರುತ್ತವೆ. ನೆಟ್‌ನಿಂದ ಇಳಿಸಿದ ಫೈಲನ್ನು ಹಾಗೇ ಬರೆದರೆ ಅಳಿಸಿಹೋಗುತ್ತವೆ. ಎರಡು, ಚಿಪ್ 3.3 ವೋಲ್ಟಿನದಾ, 1.8ರದಾ? 1.8ರದಕ್ಕೆ ಅಡಾಪ್ಟರ್ ಇಲ್ಲದೆ 3.3 ಕೊಟ್ಟರೆ ಚಿಪ್ ಸುಡಬಹುದು. ಮೂರು, ಬೋರ್ಡ್ ಬದಲಿಸಿದರೂ ಹಳೆಯದನ್ನು ವಾಪಸ್ ಕೊಡುತ್ತೀರಾ? ಬಿಟ್‌ಲಾಕರ್ ತಾನಾಗಿ ತೆರೆಯುವುದು ಆ ಬೋರ್ಡಿನ ಟಿಪಿಎಂ ನಂಬಿಕೊಂಡು. ರಿಕವರಿ ಕೀ ಕಳೆದುಕೊಂಡವರಿಗೆ ಅದೊಂದೇ ದಾರಿ ಉಳಿದಿರುತ್ತದೆ, ಎಕ್ಸ್‌ಚೇಂಜಿನ ಎಂಟುನೂರು ರೂಪಾಯಿಗೆ ಅದನ್ನು ಬಿಟ್ಟುಕೊಡಬೇಡಿ.