ಪಾಸೋವರ್‌ಗೆ ಯಾವ ಮೋಶೆ?

ಯಹೂದಿಗಳ ಪಾಸೋವರ್ ಹಬ್ಬದಲ್ಲಿ ಮನೆಮಂದಿಯೆಲ್ಲ ಕೂತು ನೋಡುವ ಚಿತ್ರವೆಂದರೆ ಎರಡು ಹೆಸರು ಎದುರಾಗುತ್ತವೆ: 1956ರ ‘ದಿ ಟೆನ್ ಕಮಾಂಡ್‌ಮೆಂಟ್ಸ್’, 1998ರ ‘ದಿ ಪ್ರಿನ್ಸ್ ಆಫ್ ಈಜಿಪ್ಟ್’. ಎರಡರಲ್ಲೂ ಈಜಿಪ್ಟಿನ ದಾಸ್ಯದಿಂದ ಇಸ್ರಾಯೇಲರನ್ನು ಬಿಡಿಸುವ ಮೋಶೆಯ ಕಥೆಯೇ.

ಹಳೆಯದು 3 ಗಂಟೆ 40 ನಿಮಿಷದ್ದು. ಕೆಂಪು ಸಮುದ್ರ ಇಬ್ಭಾಗವಾಗುವ ದೃಶ್ಯ ಇಂದಿಗೂ ಮೈನವಿರೇಳಿಸುತ್ತದೆ. ಆದರೆ ಅರಮನೆಯ ಪ್ರೇಮಪ್ರಸಂಗಗಳು ಉದ್ದ. ಪುಟ್ಟ ಮಕ್ಕಳು ಸಮುದ್ರ ಬರುವ ಮೊದಲೇ ನಿದ್ದೆ ಹೋಗುತ್ತಾರೆ. ಹಿರಿಯರೇ ಹೆಚ್ಚಿದ್ದರೆ ಇದನ್ನು ಹಾಕಿ.

ಮಕ್ಕಳಿರುವ ಮನೆಗೆ ನನ್ನ ಆಯ್ಕೆ 99 ನಿಮಿಷದ ಅನಿಮೇಷನ್ ಚಿತ್ರವೇ. ಇಲ್ಲಿ ಮೋಶೆ, ಈಜಿಪ್ಟಿನ ರಾಜಕುಮಾರ ರಾಮ್ಸೆಸ್ ಅಣ್ಣತಮ್ಮಂದಿರಾಗಿ ಬೆಳೆದವರು. ಆ ಸಂಬಂಧ ಮುರಿಯುವ ನೋವೇ ಕಥೆಯ ಜೀವ. ಹಬ್ಬದ ಆರಂಭದ ರಾತ್ರಿಯ ವಿಧಿಪೂರ್ವಕ ಸೆಡರ್ ಊಟದಲ್ಲಿ, ದೇವರು ಈಜಿಪ್ಟಿನ ಮೇಲೆ ಕಳಿಸಿದ ಹತ್ತು ಪಿಡುಗುಗಳ ಹೆಸರು ಹೇಳುತ್ತ ಒಂದೊಂದಕ್ಕೂ ಒಂದು ಹನಿ ವೈನ್ ತೆಗೆಯುತ್ತಾರಲ್ಲ, ಈಜಿಪ್ಟಿನವರ ಸಂಕಟವನ್ನೂ ನೆನೆದು? ಅದೇ ಕರುಣೆ ಚಿತ್ರದಲ್ಲೂ ಇದೆ. ಬುಟ್ಟಿಯಲ್ಲಿ ಮಗುವನ್ನು ನದಿಗೆ ಬಿಡುವ ತಾಯಿಯ ಜೋಗುಳವನ್ನು ಹಾಡಿದವರು ಯೆಮನ್ ಮೂಲದ ಯಹೂದಿ ಗಾಯಕಿ ಓಫ್ರಾ ಹಾಜಾ. ಆ ದನಿಗಾಗಿಯೇ ನೋಡಬೇಕು. ಮುಂದೆ ಮಕ್ಕಳು ಹೀಬ್ರೂವಿನಲ್ಲಿ ಹಾಡುವ ಸಾಲುಗಳು ಬೈಬಲಿನ ವಿಮೋಚನಕಾಂಡದ 15ನೇ ಅಧ್ಯಾಯದವು. ಪ್ರಾರ್ಥನೆ ಬಲ್ಲ ಮಕ್ಕಳು ದನಿಗೂಡಿಸುತ್ತಾರೆ. ಕೊನೆಯ ಪಿಡುಗಾದ ಚೊಚ್ಚಲ ಮಕ್ಕಳ ಸಾವಿನ ದೃಶ್ಯದಲ್ಲಿ ಮಾತ್ರ ಚಿಕ್ಕವರನ್ನು ಮಡಿಲಲ್ಲಿ ಕೂರಿಸಿಕೊಳ್ಳಿ.

ಸಂಪ್ರದಾಯಸ್ಥರ ಮನೆಗಳಲ್ಲಿ ಹಬ್ಬದ ಮೊದಲ ಮತ್ತು ಕೊನೆಯ ಪವಿತ್ರ ದಿನಗಳಂದು ಟಿವಿ ಹಾಕುವುದಿಲ್ಲ. ನಡುವಿನ ದಿನಗಳ ಸಂಜೆಯನ್ನು ಇದಕ್ಕೆ ಇಟ್ಟುಕೊಳ್ಳಿ.