ಗುಂಪಿನಲ್ಲಿ ಮರ್ಯಾದೆಯ ಮಾತಿಗೆ ಇಪ್ಪತ್ತೊಂದು ನಿಯಮ ಬೇಕಾ, ಮೂರು ಸಾಕಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೂರಕ್ಕೆ.

ಪುಸ್ತಕ ಓದುವವರ ಒಂದು ಟೆಲಿಗ್ರಾಂ ಗುಂಪನ್ನು ನಾವು ಮೂವರು ಅಡ್ಮಿನ್‌ಗಳು ನೋಡಿಕೊಳ್ಳುತ್ತೇವೆ. ಸದಸ್ಯರು ನಾನೂರರ ಹತ್ತಿರ. ಒಂದು ರಾತ್ರಿ, ಒಂದು ಕಾದಂಬರಿಯ ಕೊನೆ ಸರಿಯಾಗಿದೆಯೋ ಇಲ್ಲವೋ ಅನ್ನುವ ಮಾತು ಜಗಳಕ್ಕೆ ತಿರುಗಿತು. ಬೆಳಿಗ್ಗೆ ನೋಡಿದರೆ ಆರು ಜನ ಗುಂಪು ಬಿಟ್ಟಿದ್ದರು. ಅವರಲ್ಲಿ ನಾಲ್ವರು ಜಗಳ ಆಡಿದವರೇ ಅಲ್ಲ, ಸುಮ್ನೆ ಓದಿಕೊಂಡಿದ್ದವರು. ಅದೇ ನನಗೆ ಜಾಸ್ತಿ ನೋವು ಕೊಟ್ಟಿದ್ದು. ಅಲ್ಲಿಂದ ಒಂದು ವರ್ಷದಲ್ಲಿ ನಾಲ್ಕು ದಾರಿ ಹಿಡಿದು ನೋಡಿದೆವು.

ಮೊದಲನೆಯದು ಉದ್ದನೆಯ ಪಟ್ಟಿ. ಇಪ್ಪತ್ತೊಂದು ನಿಯಮ ಬರೆದು ಗುಂಪಿನ ಮೇಲ್ಗಡೆ ಪಿನ್ ಮಾಡಿದೆವು. ಬೈಗುಳ ಬೇಡ, ಜಾತಿ ಎತ್ತಬೇಡಿ, ಊರು ಹಿಡಿದು ಆಡಿಕೊಳ್ಳಬೇಡಿ, ಹೀಗೆ. ಇವುಗಳಲ್ಲಿ ಹೆಚ್ಚಿನವು ಯಾವ ತೊಂದರೆಯನ್ನೂ ಕೊಡಲಿಲ್ಲ. ಆದರೆ ಏಳನೆಯ ನಿಯಮ ನಮ್ಮ ಎರಡು ತಿಂಗಳನ್ನು ತಿಂದುಹಾಕಿತು. ಅದು ಇಷ್ಟೇ: "ಯಾರನ್ನೂ ಏಕವಚನದಲ್ಲಿ ಕರೆಯಬಾರದು."

ಬರೆಯುವಾಗ ಇದಕ್ಕಿಂತ ಸರಿಯಾದ ನಿಯಮ ಇಲ್ಲ ಅನ್ನಿಸಿತ್ತು. ಆ ರಾತ್ರಿಯ ಜಗಳ ಕೈಮೀರಿದ್ದೇ "ನಿನಗೇನು ಗೊತ್ತು" ಅನ್ನುವ ಮಾತಿನಿಂದ. ಆದರೆ ಗುಂಪಿನಲ್ಲಿ ಕಾಲೇಜು ದಿನಗಳಿಂದಲೂ ಗೆಳೆಯರಾದವರು ಇದ್ದರು. ಅವರು ಒಬ್ಬರನ್ನೊಬ್ಬರು "ಲೋ, ನೀನು ಓದಿದ್ಯಾ?" ಅಂತಲೇ ಕೇಳುವವರು. ಯಾರೋ ಮೂರನೆಯವರು ಬಂದು "ನಿಯಮ ಏಳು" ಅಂತ ಬರೆದರು. ಆ ಗೆಳೆಯರಿಗೆ ಬೇಜಾರಾಯಿತು. ಹಿರಿಯರೊಬ್ಬರು ಎಳೆಯ ಹುಡುಗನಿಗೆ ಅಕ್ಕರೆಯಿಂದ "ಚೆನ್ನಾಗಿ ಬರೆದಿದ್ದೀಯ ಕಣಪ್ಪ" ಅಂದರು. ಅದರ ಮೇಲೂ ದೂರು ಬಂತು.

ಇದಾದರೂ ಪರವಾಗಿಲ್ಲ ಅನ್ನಬಹುದಿತ್ತು. ಇದಕ್ಕಿಂತ ಕೆಟ್ಟದ್ದು ಬಹುವಚನದಲ್ಲೇ ನಡೆಯಿತು. "ತಾವು ಪುಸ್ತಕ ಬಿಡಿಸಿಯೂ ನೋಡಿಲ್ಲ ಅನ್ನಿಸುತ್ತದೆ. ತಾವು ಸುಮ್ಮನಿದ್ದರೆ ಎಲ್ಲರಿಗೂ ಉಪಕಾರ." ಈ ಮಾತಿನಲ್ಲಿ ಬೈಗುಳವಿಲ್ಲ, ಏಕವಚನವಿಲ್ಲ. ಇಪ್ಪತ್ತೊಂದರಲ್ಲಿ ಒಂದು ನಿಯಮವೂ ಮುರಿದಿಲ್ಲ. ಆದರೂ ಓದಿದವರಿಗೆ ಮುಖಕ್ಕೆ ಹೊಡೆದ ಹಾಗಾಯಿತು. ನಾವು ಅದನ್ನು ತೆಗೆದಾಗ, ಬರೆದವರು "ಯಾವ ನಿಯಮದ ಪ್ರಕಾರ ತೆಗೆದಿರಿ?" ಅಂತ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಆಗ ನನಗೆ ವಿಷಯ ಹೊಳೆಯಿತು. ನಾವು ಮರ್ಯಾದೆಯನ್ನು ಪದದಲ್ಲಿ ಹುಡುಕುತ್ತಿದ್ದೆವು. ನಿಜವಾಗಿ ನೋಡಬೇಕಾದದ್ದು ಮಾತು ಯಾರ ಕಡೆ ತಿರುಗಿದೆ ಅನ್ನುವುದನ್ನು. ಪುಸ್ತಕದ ಕಡೆಗೋ, ಓದಿದ ಮನುಷ್ಯನ ಕಡೆಗೋ? "ನೀನು" ಅನ್ನುವುದು ಒಬ್ಬರಿಗೆ ಸಲಿಗೆ, ಇನ್ನೊಬ್ಬರಿಗೆ ಅವಮಾನ. ಅದನ್ನು ಅಡ್ಮಿನ್ ಹೇಗೆ ತೀರ್ಮಾನ ಮಾಡುವುದು? ಕರೆಸಿಕೊಂಡವರೇ ಹೇಳಬೇಕು ಅಲ್ವಾ?

ಎರಡನೆಯದು ಒಪ್ಪಿಗೆಯ ದಾರಿ. ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗೆ ಮಾಡಿದೆವು. ಉಳಿದವರು ನಮಗೆ ಕಳಿಸಬೇಕು, ನಾವು ಓದಿ ಹಾಕಬೇಕು. ಜಗಳ ನಿಂತಿತು, ಮಾತೂ ನಿಂತಿತು. ಬೆಳಿಗ್ಗೆ ಕೇಳಿದ ಪ್ರಶ್ನೆಗೆ ರಾತ್ರಿ ಉತ್ತರ ಬಂದರೆ ಯಾರು ಕಾಯುತ್ತಾರೆ? ಮೂರೇ ವಾರಕ್ಕೆ ಬಿಟ್ಟೆವು.

ಮೂರನೆಯದು ಪದ ಹಿಡಿಯುವ ಬಾಟ್, ಅಂದರೆ ಗುಂಪಿನಲ್ಲಿ ತಾನೇ ಕೆಲಸ ಮಾಡುವ ಪ್ರೋಗ್ರಾಂ. ಕೆಟ್ಟ ಪದಗಳ ಪಟ್ಟಿ ಕೊಟ್ಟರೆ ಅದು ತಾನಾಗಿಯೇ ಅಳಿಸುತ್ತದೆ. ಇದರ ಕಷ್ಟ ಹಳೆಯದು. 1996ರಲ್ಲಿ ಇಂಗ್ಲೆಂಡಿನ ಸ್ಕಂತಾರ್ಪ್ ಊರಿನವರಿಗೆ ಎಒಎಲ್ ಅನ್ನುವ ಇಂಟರ್ನೆಟ್ ಸೇವೆಯಲ್ಲಿ ಖಾತೆ ತೆರೆಯಲು ಆಗಲಿಲ್ಲ. ಆ ಊರಿನ ಹೆಸರಿನ ಒಳಗೇ ಒಂದು ಬೈಗುಳದ ಅಕ್ಷರಗಳು ಇದ್ದವು, ಅಷ್ಟೇ. ನಮ್ಮಲ್ಲೂ ಹಾಗೇ ಆಯಿತು. ಕಥೆಯೊಳಗಿನ ಪಾತ್ರ ಆಡಿದ ಮಾತನ್ನು ಒಬ್ಬರು ಹಾಗೇ ಬರೆದರೆ ಬಾಟ್ ಅಳಿಸಿತು. ಬೈಯಬೇಕು ಅಂದುಕೊಂಡವರು ಅಕ್ಷರದ ನಡುವೆ ಚುಕ್ಕಿ ಇಟ್ಟು ಬೈದರು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹತ್ತು ಥರ ಬರೆಯಬಹುದು, ಪಟ್ಟಿ ಎಷ್ಟು ಬೆಳೆಸುವುದು? ಜಾಹೀರಾತು ಲಿಂಕ್ ಅಳಿಸುವುದಕ್ಕೆ ಮಾತ್ರ ಬಾಟ್ ಇವತ್ತಿಗೂ ಇದೆ. ಆ ಕೆಲಸ ಅದು ಚೆನ್ನಾಗಿಯೇ ಮಾಡುತ್ತದೆ.

ನಾಲ್ಕನೆಯದೇ ಈಗ ಇರುವ ಮೂರು ಸಾಲು. ಒಂದು, ವಿಷಯದ ಬಗ್ಗೆ ಮಾತಾಡಿ, ಹೇಳಿದವರ ಬಗ್ಗೆ ಬೇಡ. ಎರಡು, ಯಾರಾದರೂ ಹೇಳಿದ್ದು ಚುಚ್ಚಿದ ಹಾಗೆ ಅನ್ನಿಸಿದರೆ, ಅವರ ಅರ್ಥ ಏನು ಅಂತ ಮೊದಲು ಕೇಳಿ. ಮೂರು, ಒಬ್ಬರು "ನನ್ನನ್ನು ಹಾಗೆ ಕರೆಯಬೇಡಿ" ಅಂದರೆ ಕಾರಣ ಕೇಳದೆ ನಿಲ್ಲಿಸಿ.

ಮೊದಲೆರಡನ್ನು ವಿಕಿಪೀಡಿಯದಿಂದ ತೆಗೆದುಕೊಂಡೆವು. ಅಲ್ಲಿ ಲೇಖನ ತಿದ್ದುವವರ ನಡುವೆ ದಿನವೂ ವಾದ ನಡೆಯುತ್ತದೆ. ಬರಹದ ಬಗ್ಗೆ ಮಾತಾಡಿ, ಬರೆದವರ ಬಗ್ಗೆ ಅಲ್ಲ ಅನ್ನುವುದು ಅಲ್ಲಿಯ ನಿಯಮ. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ ಅಂತ ಮೊದಲು ನಂಬಿ ಅನ್ನುವುದು ಇನ್ನೊಂದು. ಮೂರನೆಯ ಸಾಲು ನಮ್ಮದೇ. ಏಳನೆಯ ನಿಯಮ ಕಲಿಸಿದ ಪಾಠ ಅದು. ಈಗ ಗೆಳೆಯರು ಅವರ ಪಾಡಿಗೆ ನೀನು ತಾನು ಅಂದುಕೊಂಡಿದ್ದಾರೆ. ಬೇಡ ಅನ್ನುವವರು ಒಂದು ಸಲ ಹೇಳಿದರೆ ಸಾಕು.

ಪ್ರತಿ ಸಾಲಿನ ಕೆಳಗೆ ಎರಡೆರಡು ಉದಾಹರಣೆ ಹಾಕಿದ್ದೇವೆ. "ಈ ಪಾತ್ರ ನನಗೆ ಒಂದು ಚೂರೂ ಹಿಡಿಸಲಿಲ್ಲ, ಕಾರಣ ಇದು" ಅನ್ನಬಹುದು. "ಇಂಥದ್ದನ್ನು ಮೆಚ್ಚುವವರಿಗೆ ಓದೋಕೇ ಬರಲ್ಲ" ಅನ್ನುವ ಹಾಗಿಲ್ಲ. "ನಿಮ್ಮ ವಾದ ಪೂರ್ತಿ ತಪ್ಪು" ಅನ್ನುವುದಕ್ಕೂ ಅಡ್ಡಿಯಿಲ್ಲ. ಇದನ್ನು ಬರೆದು ತೋರಿಸಿದ್ದು ಬಹಳ ಒಳ್ಳೆಯದಾಯಿತು. ಮರ್ಯಾದೆ ಅಂದರೆ ಎಲ್ಲದಕ್ಕೂ ತಲೆಯಾಡಿಸಬೇಕು ಅಂದುಕೊಂಡು ಸುಮ್ಮನಿದ್ದವರು ಈಗ ಬಾಯಿ ಬಿಡುತ್ತಿದ್ದಾರೆ.

ಪಿನ್ ಮಾಡುವುದು ಮಾತ್ರ ಯಾವ ದಾರಿಯಲ್ಲೂ ತಪ್ಪಿಸಬೇಡಿ. ರೆಡ್ಡಿಟ್ ಅನ್ನುವ ಚರ್ಚಾ ತಾಣದ ವಿಜ್ಞಾನ ಚರ್ಚೆಗಳ ಬಗ್ಗೆ 2019ರಲ್ಲಿ ಜೆ. ನೇಥನ್ ಮಟಾಯಸ್ ಅವರ ಒಂದು ಅಧ್ಯಯನ ಬಂತು. ಒಟ್ಟು 2,190 ಚರ್ಚೆಗಳು. ನಿಯಮವನ್ನು ಮೇಲೆ ಅಂಟಿಸಿದ ಕಡೆ ಹೊಸಬರು ನಿಯಮ ಪಾಲಿಸಿದ್ದು ಜಾಸ್ತಿ, ಮಾತಿಗೆ ಬಂದ ಹೊಸಬರೂ ಜಾಸ್ತಿ. ನಿಯಮ ಕಂಡರೆ ಹೊಸಬರು ಹೆದರಿ ಓಡುತ್ತಾರೆ ಅನ್ನುವುದು ನನ್ನ ಭಯವಾಗಿತ್ತು. ಇದನ್ನು ಓದಿದ ಮೇಲೆ ಅದು ಹೋಯಿತು.

ಮೂರು ಸಾಲಿನ ದಾರಿಗೆ ಬೆಲೆ ಇಲ್ಲದೆ ಇಲ್ಲ, ಅದು ನಮ್ಮ ಸಮಯ. ಯಾರಾದರೂ ಗೆರೆ ದಾಟಿದರೆ ಮೊದಲು ಅವರಿಗೆ ಖಾಸಗಿಯಾಗಿ ಬರೆಯುತ್ತೇವೆ. ಅವರ ಮಾತನ್ನೇ ಎತ್ತಿ ತೋರಿಸಿ, ಯಾವ ಸಾಲಿಗೆ ಹೊಂದುವುದಿಲ್ಲ ಅಂತ ಹೇಳುತ್ತೇವೆ. ಎಲ್ಲರ ಮುಂದೆ ಹೇಳಿದರೆ ಮನುಷ್ಯ ಸೋಲಲು ಒಪ್ಪುವುದಿಲ್ಲ. ಎರಡನೇ ಸಲಕ್ಕೆ ಒಂದು ದಿನ ಬರೆಯುವ ಹಾಗಿಲ್ಲ. ಮೂರನೇ ಸಲಕ್ಕೆ ಹೊರಗೆ. ಹೇಳದೆ ಅಳಿಸುವುದನ್ನು ಪೂರ್ತಿ ನಿಲ್ಲಿಸಿದ್ದೇವೆ. ಅಳಿಸಿದ ಮಾತು ಟೆಲಿಗ್ರಾಂನಲ್ಲಿ ಅಡ್ಮಿನ್‌ಗಳಿಗೆ ಕಾಣುವುದೇ 48 ಗಂಟೆ. ಆಮೇಲೆ ಯಾಕೆ ಅಳಿಸಿದಿರಿ ಅಂತ ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ಅದಕ್ಕೇ ಅಳಿಸುವ ಮೊದಲು ಆ ಮಾತಿನ ಒಂದು ಫೋಟೊ ತೆಗೆದಿಟ್ಟುಕೊಳ್ಳುತ್ತೇವೆ.

ನನಗೆ ದಿನಕ್ಕೆ ಅರ್ಧ ಗಂಟೆ ಸಿಗುತ್ತದೆ, ಅದೂ ರಾತ್ರಿ. ನಾನೂರು ಜನಕ್ಕೆ, ಮೂವರು ಅಡ್ಮಿನ್‌ಗಳಿಗೆ ಈ ದಾರಿ ಸರಿಹೋಗುತ್ತದೆ. ಮಕ್ಕಳಿರುವ ಗುಂಪಾಗಿದ್ದರೆ ಎಷ್ಟೇ ನಿಧಾನವಾದರೂ ಒಪ್ಪಿಗೆಯ ದಾರಿಯನ್ನೇ ಹಿಡಿಯುತ್ತಿದ್ದೆ. ಸಾವಿರಾರು ಜನ ಇದ್ದರೆ ಇನ್ನೂ ಇಬ್ಬರು ಅಡ್ಮಿನ್‌ಗಳನ್ನು ಹುಡುಕಿಕೊಂಡ ಮೇಲೇ ಇದಕ್ಕೆ ಕೈ ಹಾಕುತ್ತಿದ್ದೆ. ಮಾತು ಬಿಸಿಯೇರಿದ ರಾತ್ರಿ ಸ್ಲೋ ಮೋಡ್ ಹಾಕಿ, ಒಬ್ಬರಿಗೆ ಐದು ನಿಮಿಷಕ್ಕೆ ಒಂದೇ ಮೆಸೇಜು ಅಂತ ಮಾಡಿ ಮಲಗುತ್ತೇನೆ.